ಮಹಾಗನಿ ಟಾಪ್ ಗಿಟಾರ್: ಅಗ್ಗದ ಮರಕ್ಕೆ ಬೆಲೆ ಬಂದ ಕಥೆ

ಗಿಟಾರ್ ಕೊಳ್ಳಲು ಹೊರಟವರು ಒಂದಲ್ಲ ಒಂದು ದಿನ ಈ ಜಗಳದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಟಾಪ್ ಅಂದರೆ ತಂತಿಗಳ ಕೆಳಗಿರುವ, ನಡುವೆ ತೂತಿರುವ ಹಲಗೆ. ಅದು ಸ್ಪ್ರೂಸ್ ಮರದ್ದೇ ಆಗಿರಬೇಕಾ, ಮಹಾಗನಿ ಆದರೂ ನಡೆಯುತ್ತಾ? ಮಹಾಗನಿ ಟಾಪ್ ಅಂದರೆ ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ ಅನ್ನುತ್ತಾರೆ ಒಬ್ಬರು. ಅದರಷ್ಟು ಬೆಚ್ಚಗಿನ ದನಿ ಇನ್ನೊಂದಿಲ್ಲ ಅನ್ನುತ್ತಾರೆ ಇನ್ನೊಬ್ಬರು. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಆದರೆ ಇಬ್ಬರ ಮಾತಿನಲ್ಲೂ ಮರದ ಗುಣ, ಗಿಟಾರಿನ ಬೆಲೆ, ಕಟ್ಟಿದವರ ಕೈಚಳಕ ಮೂರೂ ಕಲಸಿಹೋಗಿವೆ. ಅದನ್ನು ಬಿಡಿಸಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲು ಹೆಸರಿನ ಗೊಂದಲ. ಹಾರ್ಡ್‌ವುಡ್, ಸಾಫ್ಟ್‌ವುಡ್ ಅನ್ನೋದು ಗಟ್ಟಿತನದ ಲೆಕ್ಕವೇ ಅಲ್ಲ. ಸೂಜಿಯಂಥ ಎಲೆಯ ಸ್ಪ್ರೂಸ್, ಪೈನ್ ಇವೆಲ್ಲ ಸಾಫ್ಟ್‌ವುಡ್. ಮಹಾಗನಿಯಂಥ ಅಗಲ ಎಲೆಯ, ಹೂ ಬಿಡುವ ಮರಗಳು ಹಾರ್ಡ್‌ವುಡ್. ಉಗುರಿನಲ್ಲಿ ಒತ್ತಿದರೆ ತಗ್ಗು ಬೀಳುವ ಬಾಲ್ಸಾ ಕೂಡ ಈ ಲೆಕ್ಕದಲ್ಲಿ ಹಾರ್ಡ್‌ವುಡ್ಡೇ! ಹಾಗಾಗಿ 'ಗಟ್ಟಿ ಮರ, ಅದಕ್ಕೇ ದನಿ ಏಳಲ್ಲ' ಅನ್ನುವ ವಾದ ಅಲ್ಲಿಗೇ ಮುಗಿಯಿತು.

ಯುರೋಪಿನಲ್ಲಿ ವಯೊಲಿನ್, ಲ್ಯೂಟ್ ಮಾಡುವವರು ನೂರಾರು ವರ್ಷ ಮೇಲ್ಹಲಗೆಗೆ ಸ್ಪ್ರೂಸನ್ನೇ ನೆಚ್ಚಿಕೊಂಡಿದ್ದರು, ಗಿಟಾರಿಗೂ ಅದೇ ಬಂತು. 1862ರಲ್ಲಿ ಸ್ಪೇನಿನ ಅಂಟೋನಿಯೊ ಡಿ ಟೊರೆಸ್ ಹಿಂಬದಿ ಮತ್ತು ಪಕ್ಕಗಳನ್ನು ಕಾಗದದ ರಟ್ಟಿನಲ್ಲಿ ಮಾಡಿ, ಟಾಪ್ ಮಾತ್ರ ಒಳ್ಳೆಯ ಸ್ಪ್ರೂಸಿನಲ್ಲಿ ಕೂರಿಸಿ ಒಂದು ಗಿಟಾರ್ ಕಟ್ಟಿದರು. ದನಿ ಹುಟ್ಟೋದು ಮುಂದಿನ ಹಲಗೆಯಲ್ಲಿ ಅಂತ ತೋರಿಸೋದು ಅವರ ಉದ್ದೇಶ. ಆ ಗಿಟಾರ್ ಈಗಲೂ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಹಿಂಬದಿ ಯಾವ ಮರ ಅಂತ ತಲೆ ಕೆಡಿಸಿಕೊಳ್ಳುವವರು ಒಂದು ಸಲ ಇದನ್ನು ನೆನೆಸಿಕೊಂಡರೆ ಒಳ್ಳೇದು.

ಆಮೇಲಿನ ತಿರುವು ಬಂದದ್ದು ಯುರೋಪಿನಿಂದಲೂ ಅಲ್ಲ, ಗಿಟಾರಿನಿಂದಲೂ ಅಲ್ಲ. 1879ರಲ್ಲಿ ರೇವನ್ಸ್‌ಕ್ರ್ಯಾಗ್ ಎಂಬ ಹಡಗು ಪೋರ್ಚುಗಲ್ಲಿನ ಮಡೈರಾ ದ್ವೀಪದಿಂದ ಕಬ್ಬಿನ ತೋಟದ ಕೂಲಿಗಳನ್ನು ತುಂಬಿಕೊಂಡು ಹೊನಲುಲು ಮುಟ್ಟಿತು. ಅದರಲ್ಲಿ ಮರಗೆಲಸ ಗೊತ್ತಿದ್ದ ಮೂವರಿದ್ದರು: ಮಾನುಯೆಲ್ ನೂನಿಸ್, ಅಗುಸ್ತು ಡಿಯಾಸ್, ಜೋಸೆ ಡು ಎಸ್ಪಿರಿತು ಸಾಂತು. ಒಪ್ಪಂದ ಮುಗಿದ ಮೇಲೆ ಅವರು ತಮ್ಮೂರಿನ ಪುಟ್ಟ ನಾಲ್ಕು ತಂತಿಯ ವಾದ್ಯ ಮಾಡಲು ಕೂತರು. ಹವಾಯಿಯಲ್ಲಿ ಸ್ಪ್ರೂಸ್ ಬೆಳೆಯಲ್ಲ. ಕೈಗೆ ಸಿಕ್ಕಿದ್ದು ಕೋವಾ, ಆ ದ್ವೀಪಗಳನ್ನು ಬಿಟ್ಟು ಬೇರೆಲ್ಲೂ ಕಾಡಿನಲ್ಲಿ ಬೆಳೆಯದ, ಅಕೇಶಿಯಾ ಜಾತಿಯ ಹಾರ್ಡ್‌ವುಡ್. ಮುಂದೆ, ಹಿಂದೆ, ಪಕ್ಕಕ್ಕೆ ಎಲ್ಲ ಅದನ್ನೇ ಹಾಕಿದರು. ಅದೇ ಯುಕುಲೇಲೇ ಆಯಿತು. ಅಂದರೆ ಹಾರ್ಡ್‌ವುಡ್ ಟಾಪ್ ಯಾರೂ ಕೂತು ಯೋಚಿಸಿ ತೆಗೆದುಕೊಂಡ ತೀರ್ಮಾನ ಅಲ್ಲ, ಇದ್ದದ್ದರಲ್ಲಿ ಮಾಡಿಕೊಂಡ ಕೆಲಸ.

1915ರಲ್ಲಿ ಸ್ಯಾನ್‌ ಫ್ರಾನ್ಸಿಸ್ಕೋದಲ್ಲಿ ದೊಡ್ಡ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ನಡೆಯಿತು. ಅಲ್ಲಿನ ಹವಾಯಿ ಮಳಿಗೆಯಲ್ಲಿ ಯುಕುಲೇಲೇ ಮತ್ತು ಮಡಿಲಲ್ಲಿಟ್ಟು ಉಕ್ಕಿನ ಪಟ್ಟಿ ಜಾರಿಸಿ ನುಡಿಸುವ ಗಿಟಾರ್ ಕೇಳಿದ ಅಮೆರಿಕಕ್ಕೆ ಹುಚ್ಚೇ ಹಿಡಿಯಿತು. ಪೆನ್ಸಿಲ್ವೇನಿಯಾದ ನ್ಯಾಜರೆತ್‌ನಲ್ಲಿ 1839ರಿಂದ ಗಿಟಾರ್ ಮಾಡುತ್ತಿದ್ದ ಮಾರ್ಟಿನ್ ಕಂಪನಿಯ ಅನುಭವ ನನಗೆ ಬಹಳ ಇಷ್ಟದ್ದು. 1907ರ ಸುಮಾರಿಗೆ ಅವರು ಒಮ್ಮೆ ಯುಕುಲೇಲೇ ಮಾಡಿ ಕೈಸುಟ್ಟುಕೊಂಡಿದ್ದರು. ಗಿಟಾರ್ ಮಾಡಿ ಪಳಗಿದ ಕೈ ನೋಡಿ, ಸ್ಪ್ರೂಸ್ ಟಾಪ್ ಹಾಕಿ, ಒಳಗೆ ಗಿಟಾರಿಗೆ ಹಾಕಿದ ಹಾಗೆ ಆಧಾರದ ಪಟ್ಟಿಗಳನ್ನು ತುಂಬಿಬಿಟ್ಟಿದ್ದರು. ದನಿ ಸತ್ತೇ ಹೋಯಿತು. ಎರಡನೇ ಸಲ, 1916ರ ಹೊತ್ತಿಗೆ, ಪಟ್ಟಿ ಕಡಿಮೆ ಮಾಡಿ ಸ್ಪ್ರೂಸ್ ಬದಲು ಮಹಾಗನಿ ಹಾಕಿದರು. ವಾದ್ಯ ಹಾಡಿತು, ಮಾರಾಟವೂ ಆಯಿತು, ಕೆಲವು ವರ್ಷ ಗಿಟಾರಿಗಿಂತ ಯುಕುಲೇಲೇನೇ ಜಾಸ್ತಿ ಹೋಯಿತು. ದನಿ ಸರಿಹೋದದ್ದು ಮರ ಬದಲಾಗಿದ್ದಕ್ಕಾ, ಪಟ್ಟಿ ಕಡಿಮೆ ಆಗಿದ್ದಕ್ಕಾ? ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಹೇಳೋದು ಹೇಗೆ? ಇವತ್ತಿನ ಜಗಳದ ಬೇರು ಇಲ್ಲೇ ಇದೆ ಅಂತ ನನಗನಿಸುತ್ತೆ.

ಅಲ್ಲಿಂದ ಗಿಟಾರಿಗೆ ಬಂದದ್ದು ಸಣ್ಣ ಹೆಜ್ಜೆ. ಹವಾಯಿ ಸಂಗೀತಕ್ಕೆ ಉಕ್ಕಿನ ತಂತಿ ಬೇಕಿತ್ತು. ಅದುವರೆಗಿನ, ಪ್ರಾಣಿಗಳ ಕರುಳಿನಿಂದ ಮಾಡಿದ ತಂತಿಗಿಂತ ಅದರ ಎಳೆತ ಎಷ್ಟೋ ಜಾಸ್ತಿ. ಇವತ್ತಿನ ಮಾಮೂಲಿ ಆರು ತಂತಿಯ ಸೆಟ್ ಸೇರಿ 70 ಕೆ.ಜಿ.ಗೂ ಮಿಕ್ಕಿ ಎಳೆಯುತ್ತೆ. 1922ರಲ್ಲಿ ಮಾರ್ಟಿನ್ ಮೊದಲ ಬಾರಿಗೆ ಉಕ್ಕಿನ ತಂತಿಗೆ ಅಂತಲೇ ಒಂದು ಮಾದರಿಯನ್ನು ನಿಲ್ಲಿಸಿತು. ಹೆಸರು 2-17, ಟಾಪ್ ಮಹಾಗನಿ. ಉಕ್ಕಿನ ತಂತಿಯ ಗಿಟಾರಿಗೆ ಸ್ಪ್ರೂಸೇ ಸಂಪ್ರದಾಯ ಅನ್ನುವವರಿಗೆ ಇದನ್ನು ಹೇಳಿದರೆ ಸುಮ್ನೆ ನಕ್ಕುಬಿಡುತ್ತಾರೆ. ಆದರೆ ಅದೇ ಗಿಟಾರ್ ಕಂಪನಿಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದೂ ಆಗಿತ್ತು. ಅಂಚಿಗೆ ಅಲಂಕಾರ ಇಲ್ಲ, ಹೊಳಪು ಕಡಿಮೆ. 'ಮಹಾಗನಿ ಟಾಪ್ ಅಂದರೆ ಬಡವರ ಗಿಟಾರ್' ಅನ್ನುವ ಹಣೆಪಟ್ಟಿ ಅಂಟಿಕೊಂಡದ್ದು ಹೀಗೆ. ಕಿವಿ ಕೊಟ್ಟ ತೀರ್ಪಲ್ಲ ಅದು.

ಹಾಗಂತ ಮರದಿಂದ ದನಿಗೆ ವ್ಯತ್ಯಾಸವೇ ಇಲ್ಲವಾ? ಇದೆ. ಸಿಟ್ಕಾ ಎಂಬ ಜಾತಿಯ ಸ್ಪ್ರೂಸಿನ ಒಂದು ಘನ ಮೀಟರ್ ಸುಮಾರು 425 ಕೆ.ಜಿ. ತೂಗಿದರೆ ಮಹಾಗನಿಯದ್ದು 590ರ ಆಸುಪಾಸು, ಕೋವಾ ಇನ್ನೂ ಸ್ವಲ್ಪ ಮೇಲೆ. ಎಳೆಯ ಉದ್ದಕ್ಕೆ ಬಿಗಿತ ಮಾತ್ರ ಮೂರರದ್ದೂ ಹತ್ತಿರ ಹತ್ತಿರ ಒಂದೇ. ಅಂದರೆ ಅಷ್ಟೇ ಬಿಗಿತಕ್ಕೆ ಮಹಾಗನಿ ಸುಮಾರು 40 ಶೇಕಡಾ ಜಾಸ್ತಿ ಭಾರ ಹೊರುತ್ತೆ. ಸ್ಪ್ರೂಸಿನಲ್ಲಿ ಶಬ್ದ ಸೆಕೆಂಡಿಗೆ 5,000 ಮೀಟರ್ ಓಡಿದರೆ ಮಹಾಗನಿಯಲ್ಲಿ 4,000 ಚಿಲ್ಲರೆ. ತಂತಿ ಕೊಡುವ ಶಕ್ತಿ ತೀರಾ ಸ್ವಲ್ಪ. ಅಷ್ಟರಲ್ಲೇ ಭಾರದ ಹಲಗೆಯನ್ನು ಅಲುಗಾಡಿಸಬೇಕು ಅಂದರೆ ದನಿಯ ಜೋರು ಕಡಿಮೆಯಾಗುತ್ತೆ, ಮೀಟಿದ ತಕ್ಷಣದ ಚುರುಕು ತಗ್ಗುತ್ತೆ.

ಕಿವಿಗೆ ಇದು ಹೇಗೆ ಬರುತ್ತೆ? ಎರಡು ಗಿಟಾರ್ ಪಕ್ಕಪಕ್ಕ ಇಟ್ಟುಕೊಂಡು ಬ್ರಿಜ್ಜಿನ, ಅಂದರೆ ಟಾಪಿನ ಮೇಲೆ ತಂತಿಗಳನ್ನು ಹಿಡಿದಿಡುವ ಪಟ್ಟಿಯ, ಹಿಂದೆ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ನೋಡಿ. ಸ್ಪ್ರೂಸ್ 'ಢಂ' ಅಂತ ಉಳಿಯುತ್ತೆ, ಮಹಾಗನಿ 'ಟೊಕ್' ಅಂತ ಬೇಗ ಮುಗಿಯುತ್ತೆ. ಒಂದೇ ತಂತಿ ಮೀಟಿದರೆ ಮಹಾಗನಿಯಲ್ಲಿ ಮೂಲ ಸ್ವರ ಮುಂದೆ ನಿಂತು, ಅದರ ಮೇಲೇಳುವ ಓವರ್‌ಟೋನ್‌ಗಳು ಹಿಂದೆ ಸರಿದಿರುತ್ತವೆ. ಸ್ವರ ಒಂಟಿಯಾಗಿ, ಒಣಗಿದ ಹಾಗೆ, ಸ್ಪಷ್ಟವಾಗಿ ಕೇಳುತ್ತೆ. ಇನ್ನು ಜೋರಾಗಿ ಬಾರಿಸಿ. ಸ್ಪ್ರೂಸ್ ನೀವು ಒತ್ತಿದಷ್ಟೂ ಏರುತ್ತೆ, ಮಹಾಗನಿ ಒಂದು ಮಟ್ಟಕ್ಕೆ ಬಂದು 'ಸಾಕು' ಅಂತ ನಿಲ್ಲುತ್ತೆ. ಗುಂಪಿನಲ್ಲಿ ಕೂತು ಬಾರಿಸುವವರಿಗೆ ಇದು ಕೊರತೆ. ಮೈಕಿನ ಮುಂದೆ ಒಬ್ಬರೇ ಹಾಡುವವರಿಗೆ ಇದೇ ವರ, ಏಕೆಂದರೆ ದನಿ ಏರುಪೇರಾಗಲ್ಲ, ಹಾಡುವವರ ಗಂಟಲಿಗೆ ಅಡ್ಡ ಬರಲ್ಲ. ಆದರೆ ಹಲಗೆಯನ್ನು ತೆಳ್ಳಗೆ ಒರೆದು, ಪಟ್ಟಿಗಳನ್ನು ಹಗುರ ಮಾಡಿ, ಗೊತ್ತಿರುವವರು ಮಹಾಗನಿಯನ್ನೂ ಗದ್ದಲ ಎಬ್ಬಿಸುವಂತೆ ಮಾಡಬಲ್ಲರು. ದಪ್ಪ ಟಾಪಿನ ಸ್ಪ್ರೂಸ್ ಗಿಟಾರ್ ಮೂಕಾಗಿ ಕೂತದ್ದನ್ನೂ ಕೇಳಿದ್ದೇನೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ದೊಡ್ಡ ಹೊಟ್ಟೆಯ, ಸ್ಪ್ರೂಸ್ ಟಾಪಿನ ಗಿಟಾರ್‌ಗಳೇ ಎಲ್ಲೆಲ್ಲೂ ಕಾಣತೊಡಗಿದವು, ಮಹಾಗನಿ ಮೂಲೆ ಸೇರಿತು. ಈ ಮಧ್ಯೆ ಪ್ಲೈವುಡ್ ಬಂದು ಕಥೆ ಇನ್ನಷ್ಟು ಕೆಟ್ಟಿತು. ತೆಳ್ಳನೆ ಮಹಾಗನಿ ಪದರವನ್ನು ಬೇರೆ ಮರದ ಮೇಲೆ ಅಂಟಿಸಿದರೂ ಲೇಬಲ್ ಮೇಲೆ 'ಮಹಾಗನಿ ಟಾಪ್' ಅಂತಲೇ ಬರೆಯಬಹುದು. ನಾನೂ ಹಾಗೇ ಒಂದು ಕೊಂಡೆ. ಆರು ತಿಂಗಳು 'ಮಹಾಗನಿಯ ಬೆಚ್ಚನೆ ದನಿ' ಅಂತ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿ, ಒಂದು ದಿನ ತಂತಿ ಬದಲಾಯಿಸುವಾಗ ತೂತಿನ ಅಂಚು ನೋಡಿದರೆ ಮೂರು ಪದರ! ಮೇಲಿನ ಎಳೆಗೂ ನಡುವಿನ ಎಳೆಗೂ ಸಂಬಂಧವೇ ಇಲ್ಲ. ಪ್ಲೈವುಡ್ಡಿನ ದನಿಯನ್ನು ಮಹಾಗನಿಯ ಲೆಕ್ಕಕ್ಕೆ ಬರೆದು ಬೈದವರೂ ಇದ್ದಾರೆ, ನನ್ನ ಹಾಗೆ ಹೊಗಳಿದವರೂ ಇದ್ದಾರೆ.

ಇನ್ನೊಂದು ಎಡವಟ್ಟು 2018ರದ್ದು. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಆರು ಗಿಟಾರ್‌ಗಳನ್ನು 52 ವಾದಕರಿಗೆ ಮರ ಯಾವುದು ಅಂತ ಕಾಣದ ಹಾಗೆ ಕೊಟ್ಟು ನೋಡಿದರು. ದುಬಾರಿ ಮರಕ್ಕೂ ಅಗ್ಗದ ಮರಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಯಾರಿಗೂ ಸಿಗಲಿಲ್ಲ. ಮರ ಯಾವುದಾದರೇನು ಅಂತ ಈಗಲೂ ಕೆಲವರು ಇದನ್ನೇ ಹಿಡಿದುಕೊಂಡು ವಾದಿಸುತ್ತಾರೆ. ಆದರೆ ಅಲ್ಲಿ ಬದಲಾಗಿದ್ದು ಹಿಂಬದಿ ಮತ್ತು ಪಕ್ಕದ ಮರ. ಟಾಪ್ ಆರಕ್ಕೂ ಸ್ಪ್ರೂಸೇ!

ಈಗ ಬೆಲೆ ತಲೆಕೆಳಗಾಗಿದೆ. ಹಳೆಯ ಮಹಾಗನಿ ಗಿಟಾರ್‌ಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಅಲೆಅಲೆಯಾದ ಎಳೆಯ ಕೋವಾ ಟಾಪಿಗೆ ಸುರಿಯುವ ದುಡ್ಡಿನಲ್ಲಿ ಹೆಚ್ಚಿನ ಪಾಲು ಕಿವಿಗಿಂತ ಕಣ್ಣಿಗೆ ಅಂತ ನನ್ನ ಗುಮಾನಿ. ಅಮೆರಿಕ ಖಂಡದ ದೊಡ್ಡ ಎಲೆ ಮಹಾಗನಿಯ ವ್ಯಾಪಾರಕ್ಕೆ 2003ರಿಂದ ಅಂತರರಾಷ್ಟ್ರೀಯ ಕಡಿವಾಣ ಇದೆ. ಹಾಗಾಗಿ ಅದೇ ಕುಟುಂಬದ ಆಫ್ರಿಕಾದ ಸಪೇಲೆ ಮರ ಟಾಪಿಗೆ ಬಂದು ಕೂತಿದೆ. ಅದು ಮಹಾಗನಿಗಿಂತ ಭಾರ, ಅದರ ಎಳೆ ಪಟ್ಟೆಪಟ್ಟೆಯಾಗಿ ಮಿನುಗುತ್ತೆ. 'ನೋಡೋಕೆ ಚೆನ್ನಾಗಿದೆ, ಆದರೆ ಮಹಾಗನಿಯ ದನಿ ಬರಲ್ಲ' ಅಂತ ಶುರುವಾಗಿದೆ. ಹೇಳುತ್ತಿರುವವರಲ್ಲಿ ಒಂದಷ್ಟು ಜನ ಹಿಂದೊಮ್ಮೆ ಮಹಾಗನಿಗೂ ಇದನ್ನೇ ಹೇಳಿದವರು.