ತಿಂಗಳ ಬಜೆಟ್ ಸಾಲದು, ವರ್ಷವನ್ನು ಲೆಕ್ಕ ಹಾಕಿ

"ಬಜೆಟ್ ಹಾಕ್ತೀವಿ ಮೇಡಂ. ಎರಡು ತಿಂಗಳು ಚೆನ್ನಾಗೇ ನಡೆಯುತ್ತೆ. ಮೂರನೇ ತಿಂಗಳು ಏನೋ ಒಂದು ಬರುತ್ತೆ, ಎಲ್ಲ ಕೆಟ್ಟುಹೋಗುತ್ತೆ." ಮನೆಯ ಹಣಕಾಸಿನ ಸಲಹೆ ಕೇಳಿ ಬರುವವರಲ್ಲಿ ಹೆಚ್ಚಿನವರ ಮಾತು ಇದೇ. ಆ "ಏನೋ ಒಂದು" ಯಾವುದು ಅಂತ ಬಿಡಿಸಿ ಕೇಳುತ್ತೇನೆ. ಗಾಡಿಯ ವಿಮೆ, ಮಕ್ಕಳ ಶಾಲೆಯ ಫೀಸು, ಸವೆದುಹೋದ ಟೈರು, ನೆಂಟರ ಮದುವೆ, ಹಲ್ಲಿನ ಚಿಕಿತ್ಸೆ, ಕೆಟ್ಟ ಫ್ರಿಜ್ಜು. ಇವುಗಳಲ್ಲಿ ಹೆಚ್ಚಿನವು ಕಳೆದ ವರ್ಷವೂ ಬಂದಿದ್ದವು, ಮುಂದಿನ ವರ್ಷವೂ ಬರುತ್ತವೆ. ಆದರೆ ಬಜೆಟ್ ಹಾಳೆಯಲ್ಲಿ ಅವಕ್ಕೆ ಜಾಗವೇ ಇರುವುದಿಲ್ಲ. ಏಕೆಂದರೆ ನಾವು ಬಜೆಟ್ ಬರೆಯುವಾಗ ಸಾಮಾನ್ಯ ತಿಂಗಳೊಂದನ್ನು ಕಲ್ಪಿಸಿಕೊಳ್ಳುತ್ತೇವೆ. ಅಂಥ ತಿಂಗಳು ವರ್ಷದಲ್ಲಿ ಒಂದೆರಡು ಸಲ ಬಂದರೆ ಹೆಚ್ಚು.

ಹಾಗಾಗಿ ನಾನು ಮೊದಲು ಮಾಡಿಸುವ ಕೆಲಸ ಹಿಂದಿನ 12 ತಿಂಗಳ ಬ್ಯಾಂಕ್ ಮತ್ತು ಕಾರ್ಡ್ ಸ್ಟೇಟ್‌ಮೆಂಟ್‌ಗಳನ್ನು ತೆಗೆಸುವುದು. ಮೂರು ತಿಂಗಳದ್ದು ಸಾಕಾಗುವುದಿಲ್ಲ. ಪೂರ್ತಿ ವರ್ಷ ಬೇಕು. ಅದರಲ್ಲಿನ ಖರ್ಚುಗಳಿಗೆ ಮೂರು ಬಣ್ಣದ ಗುರುತು ಹಾಕಿ. ಪ್ರತಿ ತಿಂಗಳೂ ಒಂದೇ ಮೊತ್ತದಲ್ಲಿ ಹೋಗುವುದು ಒಂದು ಬಣ್ಣ: ಬಾಡಿಗೆ, ಸಾಲದ ಕಂತು, ಇಂಟರ್ನೆಟ್. ಪ್ರತಿ ತಿಂಗಳೂ ಬರುವ, ಆದರೆ ಮೊತ್ತ ಹೆಚ್ಚುಕಡಿಮೆ ಆಗುವುದು ಇನ್ನೊಂದು: ದಿನಸಿ, ಕರೆಂಟ್ ಬಿಲ್, ಓಡಾಟ, ಹೊರಗೆ ಊಟ. ವರ್ಷಕ್ಕೆ ಒಂದು, ಎರಡು ಅಥವಾ ಮೂರು ಸಲ ಮಾತ್ರ ಬರುವುದು ಮೂರನೆಯದು. ಈ ಮೂರನೇ ಬಣ್ಣದ ಖರ್ಚನ್ನೆಲ್ಲ ಕೂಡಿಸಿ 12ರಿಂದ ಭಾಗಿಸಿ. ನಿಮ್ಮ ಬಜೆಟ್‌ನಲ್ಲಿ ಇಲ್ಲದೇ ಹೋಗಿದ್ದ ಸಾಲು ಅದೇ.

ಒಂದು ಲೆಕ್ಕ ನೋಡೋಣ. ಕೈಗೆ ಬರುವ ತಿಂಗಳ ಸಂಬಳ 100 ಅಂತ ಇಟ್ಟುಕೊಳ್ಳಿ. ಮೊದಲ ಬಣ್ಣದ್ದು 45, ಎರಡನೆಯದು 38. ಉಳಿಯಬೇಕಾದ್ದು 17. ಕಾಗದದ ಮೇಲೆ ಇದು ಒಳ್ಳೆಯ ಉಳಿತಾಯ. ಆದರೆ ವರ್ಷದ ಕೊನೆಯಲ್ಲಿ ಖಾತೆಯಲ್ಲಿ ಅಷ್ಟು ಹಣ ಕಾಣುವುದಿಲ್ಲ. ಮೂರನೇ ಬಣ್ಣದ ಖರ್ಚು ವರ್ಷಕ್ಕೆ 168 ಇದ್ದರೆ ತಿಂಗಳಿಗೆ 14 ಆಯಿತು. ಅಂದರೆ ನಿಜವಾಗಿ ಉಳಿಯುವುದು 3 ಮಾತ್ರ. ಈ 3 ಕಂಡಾಗ ಬೇಜಾರಾಗುತ್ತದೆ, ನಿಜ. ಆದರೂ ಸಮಾಧಾನಪಡುವವರನ್ನೂ ಕಂಡಿದ್ದೇನೆ. "ನಾನು ದುಂದುಗಾರ, ನನಗೆ ಶಿಸ್ತಿಲ್ಲ" ಅಂತ ವರ್ಷಗಟ್ಟಲೆ ತಮ್ಮನ್ನೇ ಬೈದುಕೊಂಡವರಿಗೆ, ಹಣ ಎಲ್ಲೂ ಸೋರಿಹೋಗಿಲ್ಲ, ಗೊತ್ತಿದ್ದ ಖರ್ಚಿಗೇ ಹೋಗಿದೆ ಅಂತ ಮೊದಲ ಸಲ ಕಾಣುತ್ತದೆ.

ಆ 14ನ್ನು ಪ್ರತಿ ತಿಂಗಳು ಬೇರೊಂದು ಖಾತೆಗೆ ಹಾಕಿ. ವಿಮೆಯ ಕಂತು ಬಂದಾಗ, ಫೀಸು ಕಟ್ಟುವಾಗ ಅಲ್ಲಿಂದಲೇ ತೆಗೆಯಿರಿ. ಖಾತೆಗೆ "ವರ್ಷದ ಖರ್ಚು" ಅಂತ ಹೆಸರಿಡಲು ಬ್ಯಾಂಕ್ ಆ್ಯಪ್‌ನಲ್ಲಿ ಅವಕಾಶವಿದ್ದರೆ ಇಡಿ. ಹೆಸರಿಟ್ಟ ಹಣಕ್ಕೆ ಸುಮ್ನೆ ಕೈಹಾಕಲು ಮನಸ್ಸು ಬರುವುದಿಲ್ಲ. ಮನಸ್ಸಿನಲ್ಲೇ ಹಣವನ್ನು ಬೇರೆ ಬೇರೆ ಲೆಕ್ಕಕ್ಕೆ ಹಂಚಿಟ್ಟುಕೊಳ್ಳುವ ಈ ಸ್ವಭಾವವನ್ನು ಅಧ್ಯಯನ ಮಾಡಿದವರಲ್ಲಿ ಮುಖ್ಯರು ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್. 2017ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಮೊದಲ ವರ್ಷ ಒಂದು ತೊಡಕಿದೆ, ಇಲ್ಲೇ ಹಲವರು ಕೈಬಿಡುತ್ತಾರೆ. ಖಾತೆ ತುಂಬುವ ಮೊದಲೇ ದೊಡ್ಡ ಬಿಲ್ ಬಂದುಬಿಡುತ್ತದೆ. 36ರ ಒಂದು ಬಿಲ್ ಇನ್ನು 4 ತಿಂಗಳಲ್ಲಿ ಕಟ್ಟಬೇಕು ಅಂತಿಟ್ಟುಕೊಳ್ಳಿ. ಅದಕ್ಕೆ ತಿಂಗಳಿಗೆ 3 ಎತ್ತಿಟ್ಟರೆ ಆಗುವುದಿಲ್ಲ, 9 ಬೇಕು. ಆದ್ದರಿಂದ ಮೊದಲ ವರ್ಷ ಬಿಲ್ಲುಗಳನ್ನು ಕಟ್ಟುವ ದಿನಾಂಕದ ಕ್ರಮದಲ್ಲಿ ಬರೆದು, ಪ್ರತಿಯೊಂದನ್ನೂ ಅದಕ್ಕೆ ಉಳಿದಿರುವ ತಿಂಗಳುಗಳಿಂದ ಭಾಗಿಸಿ. ಆರಂಭದಲ್ಲಿ ಕೈ ಬಿಗಿಯಾಗುತ್ತದೆ. ಬೋನಸ್, ಬಾಕಿ ಬಂದ ಹಣ, ಉಡುಗೊರೆ ಏನಾದರೂ ಸಿಕ್ಕಿದರೆ ಮೊದಲು ಈ ಖಾತೆಗೆ ಹಾಕಿ. ಎರಡನೇ ವರ್ಷದಿಂದ 12ರ ಭಾಗಾಕಾರವೇ ಸಾಕು.

ಇದನ್ನು ಆಪತ್ಕಾಲದ ನಿಧಿಯ ಜೊತೆ ಬೆರೆಸಬೇಡಿ. ಗಾಡಿಯ ವಿಮೆ ಆಪತ್ತಲ್ಲ. ಕೆಲಸ ಹೋಗುವುದು, ಮನೆಯಲ್ಲಿ ಯಾರಾದರೂ ದಿಢೀರ್ ಹಾಸಿಗೆ ಹಿಡಿಯುವುದು ಆಪತ್ತು. ಅದಕ್ಕೆ 3ರಿಂದ 6 ತಿಂಗಳ ಅಗತ್ಯ ಖರ್ಚಿನಷ್ಟು ಹಣ ಇರಲಿ ಎನ್ನುವುದು ನಮ್ಮ ವೃತ್ತಿಯಲ್ಲಿ ಎಲ್ಲರೂ ಹೇಳುವ ಮಾತು. ಇಲ್ಲಿ ಲೆಕ್ಕಕ್ಕೆ ಹಿಡಿಯಬೇಕಾದ್ದು ಖರ್ಚು, ಸಂಬಳವಲ್ಲ. ಅದರಲ್ಲೂ ಬಿಡಲಾಗದ ಖರ್ಚು ಮಾತ್ರ. ಇಬ್ಬರು ಬೇರೆ ಬೇರೆ ಕ್ಷೇತ್ರಗಳಲ್ಲಿ ದುಡಿಯುವ ಮನೆಗೆ 3 ತಿಂಗಳದ್ದು ಸಾಕಾಗಬಹುದು. ಒಬ್ಬರ ದುಡಿಮೆಯ ಮೇಲೆ ನಾಲ್ಕು ಜನ ನಿಂತಿದ್ದರೆ 6ಕ್ಕಿಂತ ಜಾಸ್ತಿ ಇದ್ದರೂ ತಪ್ಪಿಲ್ಲ. ದೊಡ್ಡ ಗುರಿ ಕಂಡು ಹೆದರುವವರಿಗೆ ನಾನು ಹೇಳುವುದು ಒಂದೇ: ಮೊದಲು ಒಂದು ತಿಂಗಳದ್ದು ಮಾಡಿ. ಆ ಒಂದು ತಿಂಗಳ ಹಣ ಎಷ್ಟೋ ಸಾಲಗಳನ್ನು ತಪ್ಪಿಸುತ್ತದೆ. ಈ ಹಣಕ್ಕೆ ಹೆಚ್ಚು ಬಡ್ಡಿ ಹುಡುಕಬೇಡಿ. ಬೇಕಾದ ದಿನ ಕೈಗೆ ಸಿಗಬೇಕು, ಅಷ್ಟೇ.

ಇನ್ನು ಉಳಿತಾಯದ ಹಣ ಯಾವಾಗ ತೆಗೆದಿಡಬೇಕು? ಸಂಬಳ ಬಂದ ದಿನ ಅಥವಾ ಮರುದಿನ, ಆಟೊ ಡೆಬಿಟ್ ಮೂಲಕ. ತಿಂಗಳ ಕೊನೆಯಲ್ಲಿ ಉಳಿದದ್ದನ್ನು ಹಾಕುತ್ತೇನೆ ಎಂದವರ ಬಳಿ ಉಳಿದದ್ದನ್ನು ನಾನು ಕಂಡದ್ದು ತುಂಬಾ ಕಡಿಮೆ. ವರಮಾನ ಏರಿದಷ್ಟೂ ಖರ್ಚು ಏರಿ ಅದನ್ನು ಮುಟ್ಟುತ್ತದೆ ಅಂತ ಬ್ರಿಟನ್ನಿನ ಸಿ. ನಾರ್ತ್‌ಕೋಟ್ ಪಾರ್ಕಿನ್ಸನ್ 1960ರ ಹೊತ್ತಿಗೇ ಹೇಳಿದ್ದರು. ಕಣ್ಣೆದುರು ಇರುವ ಹಣಕ್ಕೆ ನಮ್ಮ ಖರ್ಚು ಹೊಂದಿಕೊಳ್ಳುತ್ತದೆ. ಅದೇ ಗುಣವನ್ನು ನಮ್ಮ ಕಡೆಗೆ ತಿರುಗಿಸಿಕೊಳ್ಳಬಹುದು: ಕಣ್ಣೆದುರು ಕಡಿಮೆ ಇದ್ದರೆ ಕಡಿಮೆಯಲ್ಲೇ ಹೊಂದಿಕೊಳ್ಳುತ್ತೇವೆ.

ಆದರೆ ಮೊತ್ತ ನಿಗದಿ ಮಾಡುವಾಗ ಹುಮ್ಮಸ್ಸು ಬೇಡ. ಒಂದನೇ ತಾರೀಖು 20 ಎತ್ತಿಟ್ಟು 22ನೇ ತಾರೀಖು ಅದರಲ್ಲಿ 15 ವಾಪಸ್ ತೆಗೆದರೆ ಅದು ಉಳಿತಾಯ ಅಲ್ಲ, ಓಡಾಟ ಅಷ್ಟೇ. 3 ಇಟ್ಟು ಮುಟ್ಟದೇ ಇರುವುದು ಎಷ್ಟೋ ಮೇಲು. ಏರಿಸಲು ಸರಿಯಾದ ಸಮಯ ಸಂಬಳ ಹೆಚ್ಚಾದಾಗ. ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದೇ ವಿಷಯದ್ದು. ಮುಂದೆ ಸಂಬಳ ಏರಿದಾಗಲೆಲ್ಲ ಅದರ ಒಂದು ಪಾಲು ತಾನಾಗಿ ಉಳಿತಾಯಕ್ಕೆ ಹೋಗಲಿ ಅಂತ ನೌಕರರಿಂದ ಮೊದಲೇ ಒಪ್ಪಿಗೆ ಪಡೆದರು. ಆ ಯೋಜನೆ ಸೇರಿದವರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇ 3.5ರಿಂದ ಶೇ 13.6ಕ್ಕೆ ಏರಿತು. ಯಾರ ಕೈಗೆ ಬರುವ ಹಣವೂ ಇದ್ದದ್ದಕ್ಕಿಂತ ಕಡಿಮೆಯಾಗಲಿಲ್ಲ. ಹಾಗಾಗಿಯೇ ಯಾರಿಗೂ ಅದು ಕಳೆದುಕೊಂಡಂತೆ ಅನ್ನಿಸಲಿಲ್ಲ. ನೀವೂ ಮಾಡಬಹುದು. ಮುಂದಿನ ಏರಿಕೆಯ ಅರ್ಧ ಉಳಿತಾಯಕ್ಕೆ, ಅರ್ಧ ಬದುಕಿಗೆ ಅಂತ ಈಗಲೇ ಬರೆದಿಡಿ.

50-30-20 ಸೂತ್ರದ ಬಗ್ಗೆ ತುಂಬಾ ಜನ ಕೇಳುತ್ತಾರೆ. ಅಮೆರಿಕದ ಎಲಿಜಬೆತ್ ವಾರೆನ್ ಮತ್ತು ಅವರ ಮಗಳು ಅಮೀಲಿಯಾ ವಾರೆನ್ ತ್ಯಾಗಿ 2005ರಲ್ಲಿ ಇದನ್ನು ಜನಪ್ರಿಯಗೊಳಿಸಿದರು. ತೆರಿಗೆ ಕಳೆದು ಕೈಗೆ ಬರುವುದರಲ್ಲಿ ಅರ್ಧ ಅಗತ್ಯಕ್ಕೆ, 30 ಆಸೆಗಳಿಗೆ, 20 ಉಳಿತಾಯಕ್ಕೆ. ಒಳ್ಳೆಯ ಗುರಿ, ಆದರೆ ಶುರು ಮಾಡಲು ಒಳ್ಳೆಯ ಜಾಗ ಅಲ್ಲ ಎನ್ನುವುದು ನನ್ನ ಅನುಭವ. ಕಡಿಮೆ ಸಂಬಳದ ಮನೆಯಲ್ಲಿ ಅಗತ್ಯವೇ 75 ನುಂಗುತ್ತದೆ. ಅವರಿಗೆ ಈ ಸೂತ್ರ ಕೊಟ್ಟರೆ ತಪ್ಪಿತಸ್ಥ ಭಾವನೆ ಬಿಟ್ಟು ಬೇರೇನೂ ಸಿಗುವುದಿಲ್ಲ. ಸಂಬಳ ತುಂಬಾ ಜಾಸ್ತಿ ಇರುವವರಿಗೆ 20 ತೀರಾ ಕಡಿಮೆಯಾಯಿತು.

ಖರ್ಚು ಕಡಿಮೆ ಮಾಡುವಾಗ ಎಲ್ಲಿ ಕೈ ಹಾಕಬೇಕು? ಮೊದಲು ಮನೆ, ವಾಹನ, ಸಾಲದ ಕಂತು. ಇವು ಒಂದು ಸಲ ನಿರ್ಧರಿಸಿದರೆ ವರ್ಷಗಟ್ಟಲೆ ನಡೆಯುವ ಖರ್ಚು. ಬಡ್ಡಿ ಕಡಿಮೆ ಇರುವ ಕಡೆಗೆ ಸಾಲ ವರ್ಗಾಯಿಸುವ ಒಂದೇ ಕೆಲಸ, ದಿನವೂ ಸಣ್ಣಪುಟ್ಟ ಆಸೆಗಳನ್ನು ಅದುಮಿಕೊಂಡು ಉಳಿಸುವುದಕ್ಕಿಂತ ಹೆಚ್ಚು ಕೊಡಬಹುದು. ಬಳಸದ ಸಬ್‌ಸ್ಕ್ರಿಪ್ಶನ್‌ಗಳನ್ನು ಇವತ್ತೇ ನಿಲ್ಲಿಸಿ. ದಿನದ ಖರ್ಚಿನಲ್ಲಿ ಎಲ್ಲಕ್ಕೂ ಮಿತಿ ಹಾಕಲು ಹೋಗಬೇಡಿ. ಮಿತಿ ಮೀರುವ ಎರಡೋ ಮೂರೋ ವಿಷಯ ಆರಿಸಿಕೊಳ್ಳಿ, ಅವಕ್ಕೆ ತಿಂಗಳ ಬದಲು ವಾರದ ಮಿತಿ ಇಡಿ. ತಿಂಗಳ ಮಿತಿ ಮೀರಿದ್ದು ಗೊತ್ತಾಗುವ ಹೊತ್ತಿಗೆ ತಿಂಗಳೇ ಮುಗಿದಿರುತ್ತದೆ. ವಾರದಲ್ಲಿ ಎಡವಿದರೆ ಮುಂದಿನ ಸೋಮವಾರದಿಂದ ಸರಿ ಮಾಡಿಕೊಳ್ಳಬಹುದು.

ಕ್ರೆಡಿಟ್ ಕಾರ್ಡ್ ಬಾಕಿ ಇಟ್ಟುಕೊಂಡು ಉಳಿತಾಯ ಬೆಳೆಸುವ ಮಾತು ಆಡುವುದು ಕಷ್ಟ. ತಿಂಗಳಿಗೆ ಶೇ 3 ಬಡ್ಡಿ ಅಂದರೆ ಚಿಕ್ಕದಾಗಿ ಕೇಳುತ್ತದೆ. ಬಡ್ಡಿಗೆ ಬಡ್ಡಿ ಸೇರಿದರೆ ವರ್ಷಕ್ಕೆ ಶೇ 42.6 ಆಗುತ್ತದೆ. ಅಷ್ಟು ಲಾಭವನ್ನು ವರ್ಷವರ್ಷವೂ ಖಾತ್ರಿಯಾಗಿ ಕೊಡುವ ಹೂಡಿಕೆ ಯಾವುದೂ ಇಲ್ಲ. ಯಾರಾದರೂ ಕೊಡುತ್ತೇನೆ ಅಂದರೆ ಅಲ್ಲಿಂದ ಎದ್ದು ಬನ್ನಿ. ಕನಿಷ್ಠ ಮೊತ್ತ ಕಟ್ಟುತ್ತಾ ಹೋದರೆ ಹೆಚ್ಚಿನ ಪಾಲು ಬಡ್ಡಿಗೇ ಹೋಗುತ್ತದೆ, ಅಸಲು ಹಾಗೇ ಕೂತಿರುತ್ತದೆ. ಒಂದು ತಿಂಗಳ ಆಪತ್ಕಾಲದ ಹಣ ಆದ ಕೂಡಲೇ ಉಳಿದೆಲ್ಲವನ್ನೂ ಈ ಬಾಕಿಗೆ ಹಾಕಿ. ಹಲವು ಸಾಲ ಇದ್ದರೆ ಬಡ್ಡಿ ಹೆಚ್ಚಿರುವುದನ್ನು ಮೊದಲು ತೀರಿಸುವುದು ಲೆಕ್ಕಕ್ಕೆ ಸರಿ. ಚಿಕ್ಕ ಸಾಲವೊಂದನ್ನು ಮೊದಲು ಮುಗಿಸಿದರೆ ಹುರುಪು ಬರುತ್ತದೆ ಅನ್ನುವವರಿಗೆ ನಾನು ಬೇಡ ಅನ್ನುವುದಿಲ್ಲ. ನಡುವೆ ನಿಲ್ಲದಿರುವುದು ಮುಖ್ಯ.

ಉಳಿತಾಯ ಬೆಳೆಸುವ ವಿಷಯಕ್ಕೆ ಬಂದರೆ ಎಲ್ಲರ ಮೊದಲ ಪ್ರಶ್ನೆ "ಎಲ್ಲಿ ಬಡ್ಡಿ ಜಾಸ್ತಿ?" ಶುರುವಿನ ವರ್ಷಗಳಲ್ಲಿ ಇದು ಅಷ್ಟು ದೊಡ್ಡ ಪ್ರಶ್ನೆ ಅಲ್ಲ. ತಿಂಗಳಿಗೆ 10ರಂತೆ, ಅಂದರೆ ಪ್ರತಿ ವರ್ಷದ ಕೊನೆಗೆ 120ರಂತೆ ಶೇ 9ರ ಬಡ್ಡಿಯಲ್ಲಿ ಹಾಕಿದರೆ 5 ವರ್ಷಕ್ಕೆ ಸುಮಾರು 718 ಆಗುತ್ತದೆ. ತಿಂಗಳಿಗೆ 12ರಂತೆ, ಬರೀ ಶೇ 4ರಲ್ಲಿ ಹಾಕಿದರೆ ಸುಮಾರು 780. ಎರಡೇ ಎರಡು ಹೆಚ್ಚು ಹಾಕಿದವರು ಮುಂದಿದ್ದಾರೆ, ಅದೂ ಯಾವ ಅಪಾಯವನ್ನೂ ಮೈಮೇಲೆ ಎಳೆದುಕೊಳ್ಳದೆ. ಮೊದಲ ಐದಾರು ವರ್ಷ ಗಮನವೆಲ್ಲ ಹಾಕುವ ಮೊತ್ತದ ಮೇಲೆ ಇರಲಿ.

ಬಡ್ಡಿದರದ ಬಲ ಕಾಣುವುದು ಕಾಲ ಉದ್ದವಾದಾಗ. ತಿಂಗಳಿಗೆ 10ನ್ನು ಶೇ 7ರಲ್ಲಿ 10 ವರ್ಷ ಹಾಕಿದರೆ ಕಟ್ಟಿದ್ದು 1,200, ಸಿಗುವುದು ಸುಮಾರು 1,660. ಅದನ್ನೇ 30 ವರ್ಷ ಮಾಡಿದರೆ ಕಟ್ಟಿದ್ದು 3,600, ಸಿಗುವುದು ಸುಮಾರು 11,300. ಆಗ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಬಡ್ಡಿಯಿಂದಲೇ ಬಂದಿರುತ್ತದೆ. ಬಾಯಿಲೆಕ್ಕಕ್ಕೆ 72ರ ಸೂತ್ರ ಇಟ್ಟುಕೊಳ್ಳಿ. ಇಟಲಿಯ ಗಣಿತಜ್ಞ ಲೂಕಾ ಪಾಚೋಲಿ 1494ರಲ್ಲೇ ಇದನ್ನು ಬರೆದಿದ್ದರು. 72ನ್ನು ಬಡ್ಡಿದರದಿಂದ ಭಾಗಿಸಿದರೆ ಹಣ ಎರಡರಷ್ಟಾಗಲು ಬೇಕಾದ ವರ್ಷಗಳು ಸಿಗುತ್ತವೆ. ಶೇ 6ಕ್ಕೆ 12 ವರ್ಷ, ಶೇ 8ಕ್ಕೆ 9 ವರ್ಷ. ಬೆಲೆ ಏರಿಕೆಗೂ ಇದೇ ಲೆಕ್ಕ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ ಪೆಟ್ಟಿಗೆಯಲ್ಲಿಟ್ಟ ಹಣದ ಬೆಲೆ 12 ವರ್ಷದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ದೂರದ ಗುರಿಯ ಹಣ ಬೆಲೆ ಏರಿಕೆಗಿಂತ ವೇಗವಾಗಿ ಬೆಳೆಯುವ ಕಡೆ ಇರಬೇಕು. ಇನ್ನೆರಡು ವರ್ಷದಲ್ಲಿ ಬೇಕಾಗುವ ಹಣವನ್ನು ಮಾತ್ರ ಷೇರಿನಲ್ಲಿ ಇಡಬೇಡಿ. ನಿಮಗೆ ಬೇಕಾದ ತಿಂಗಳೇ ಮಾರುಕಟ್ಟೆ ಬಿದ್ದಿದ್ದರೆ ಕಾಯಲು ಆಗುವುದಿಲ್ಲ, ಅಲ್ವಾ?

ತಿಂಗಳ ಸಂಬಳ ಇಲ್ಲದವರು, ಅಂಗಡಿ ನಡೆಸುವವರು, ಕೆಲಸ ಸಿಕ್ಕಷ್ಟು ದಿನ ದುಡಿಯುವವರು ಏನು ಮಾಡಬೇಕು? ಹಿಂದಿನ 12 ತಿಂಗಳಲ್ಲಿ ಅತಿ ಕಡಿಮೆ ಬಂದ ತಿಂಗಳನ್ನು ನೋಡಿ. ಬಜೆಟ್ ಅದರ ಮೇಲೆ ನಿಲ್ಲಲಿ. ಬಂದ ಹಣವೆಲ್ಲ ಒಂದು ಖಾತೆಗೆ ಹೋಗಲಿ, ಅಲ್ಲಿಂದ ನಿಮಗೆ ನೀವೇ ಪ್ರತಿ ತಿಂಗಳು ನಿಗದಿತ "ಸಂಬಳ" ಕೊಟ್ಟುಕೊಳ್ಳಿ. ಒಳ್ಳೆಯ ತಿಂಗಳಲ್ಲಿ ಮಿಕ್ಕಿದ್ದು ಕೆಟ್ಟ ತಿಂಗಳನ್ನು ದಾಟಿಸುತ್ತದೆ. ವ್ಯಾಪಾರದ ಖಾತೆ, ಮನೆಯ ಖಾತೆ ಬೇರೆ ಬೇರೆ ಇರದಿದ್ದರೆ ಈ ಲೆಕ್ಕ ಯಾವತ್ತೂ ಸಿಗುವುದಿಲ್ಲ.

ಗಂಡ ಹೆಂಡತಿ ಇಬ್ಬರೂ ಕೂತು ಬಜೆಟ್ ಬರೆಯಿರಿ. ಒಬ್ಬರು ಬರೆದು ಇನ್ನೊಬ್ಬರಿಗೆ ಹೇರಿದ್ದು ಬಾಳುವುದಿಲ್ಲ. ಇಬ್ಬರಿಗೂ ಸಮನಾಗಿ ಒಂದು ಚಿಕ್ಕ ಮೊತ್ತ ಇರಲಿ, ಅದರ ಲೆಕ್ಕ ಯಾರೂ ಕೇಳಬಾರದು. ಈ ಒಂದು ಸಾಲು ಎಷ್ಟೋ ಮನೆಗಳಲ್ಲಿ ಜಗಳ ನಿಲ್ಲಿಸಿದ್ದನ್ನು ನೋಡಿದ್ದೇನೆ. ಮನೆಯೊಳಗೇ ಇದ್ದು ಸ್ವಂತ ಸಂಬಳ ಇಲ್ಲದವರಿಗೆ ಇದು ಇನ್ನೂ ಮುಖ್ಯ.

ತಿಂಗಳಿಗೊಮ್ಮೆ ಅರ್ಧ ಗಂಟೆ ಲೆಕ್ಕ ನೋಡಿದರೆ ಸಾಕು. ಮೂರು ಅಂಕಿ ಬರೆದುಕೊಳ್ಳಿ: ಉಳಿತಾಯಕ್ಕೆ ಎಷ್ಟು ಹೋಯಿತು, ವರ್ಷದ ಖರ್ಚಿನ ಖಾತೆಯಲ್ಲಿ ಎಷ್ಟಿದೆ, ಒಟ್ಟು ಸಾಲ ಎಷ್ಟು ಇಳಿಯಿತು. ಯಾವುದೋ ಒಂದು ಖರ್ಚು ಮೂರು ತಿಂಗಳು ಸತತವಾಗಿ ಮಿತಿ ಮೀರಿದರೆ ಹಾಳೆಯಲ್ಲಿನ ಅಂಕಿಯೇ ತಪ್ಪಿದೆ ಎಂದುಕೊಳ್ಳಿ. ಅದನ್ನು ಏರಿಸಿ, ಆ ಹಣ ಯಾವ ಸಾಲಿನಿಂದ ಬರುತ್ತದೆ ಅಂತ ಅದೇ ದಿನ ಪಕ್ಕದಲ್ಲಿ ಬರೆಯಿರಿ. ಹಾಳೆಯಲ್ಲಿ ಇಲ್ಲದ ಖರ್ಚು ಆ ತಿಂಗಳು ಬಂದಿದ್ದರೆ, ಅದು ಮತ್ತೆ ಬರುವಂಥದ್ದೇ ಅಂತ ಯೋಚಿಸಿ. ಹೌದಾದರೆ ಮೂರನೇ ಬಣ್ಣದ ಪಟ್ಟಿಗೆ ಸೇರಿಸಿ.