ಭೇದಿಯಾದ ಕರುವಿಗೆ ಹಾಲು ನಿಲ್ಲಿಸಬೇಕಾ?

ಬ್ರಹ್ಮಾವರದ ಓದುಗರೊಬ್ಬರ ಪ್ರಶ್ನೆ: "ಹತ್ತು ದಿನದ ಕರುವಿಗೆ ಭೇದಿ. ಕಣ್ಣು ಗುಳಿ ಬಿದ್ದಿಲ್ಲ, ಆದರೂ ಏಳುತ್ತಿಲ್ಲ. ಹಾಲು ನಿಲ್ಲಿಸಿ ಗಂಜಿ ತಿಳಿ ಕೊಡುತ್ತಿದ್ದೇವೆ. ಸರಿಯಾ?"

ಸರಿಯಲ್ಲ. ಕುಂದಾಪುರದಿಂದ ಸುಳ್ಯದವರೆಗೆ ಎಷ್ಟು ಹಟ್ಟಿಗಳಲ್ಲಿ ಇದನ್ನೇ ಹೇಳಿದ್ದೇನೋ! ಇನ್ನೊಮ್ಮೆ ಹೇಳುತ್ತೇನೆ.

ಭೇದಿಯಲ್ಲಿ ನೀರು ಮಾತ್ರ ಹೋಗುವುದಿಲ್ಲ, ಆಮ್ಲವನ್ನು ತಗ್ಗಿಸುವ ಬೈಕಾರ್ಬನೇಟ್ ಎಂಬ ಕ್ಷಾರವೂ ಹೋಗುತ್ತದೆ. ಅದು ಕಡಿಮೆಯಾದರೆ ರಕ್ತದಲ್ಲಿ ಆಮ್ಲ ಏರುತ್ತದೆ. ಜೀರ್ಣವಾಗದ ಹಾಲು ಕರುಳಿನಲ್ಲಿ ಹುಳಿತು ಡಿ-ಲ್ಯಾಕ್ಟೇಟ್ ಎಂಬ ಇನ್ನೊಂದು ಆಮ್ಲವೂ ರಕ್ತಕ್ಕೆ ಸೇರುತ್ತದೆ. ಕರು ತೂರಾಡುವುದು, ಮಂಕಾಗುವುದು ಹೆಚ್ಚಾಗಿ ಇದರಿಂದಲೇ. ಆಮ್ಲದ ಅಳತೆಗೆ ಪಿಎಚ್ ಅನ್ನುತ್ತಾರೆ, ಆಮ್ಲ ಏರಿದಷ್ಟೂ ಅದು ಇಳಿಯುತ್ತದೆ. ಆರೋಗ್ಯವಂತ ಕರುವಿನ ರಕ್ತದ ಪಿಎಚ್ ಸುಮಾರು 7.35ರಿಂದ 7.45. ಅದು 7.2ಕ್ಕಿಂತ ಇಳಿದರೆ ಪರಿಸ್ಥಿತಿ ಗಂಭೀರ. ಕಣ್ಣು ಗುಳಿ ಬೀಳುವುದು ಮೈಯ ನೀರು ಕಡಿಮೆಯಾದ ಗುರುತು. ವಾರ ದಾಟಿದ ಕರುಗಳಲ್ಲಿ ಕಣ್ಣು ಸರಿಯಿದ್ದರೂ ಆಮ್ಲ ಏರಿರಬಹುದು. ಬಾಯಿಗೆ ಬೆರಳಿಟ್ಟು ನೋಡಿ. ಚೀಪದಿದ್ದರೆ ಕಾಯಬೇಡಿ, ಡಾಕ್ಟರನ್ನು ಕರೆಸಿ. ರಕ್ತನಾಳಕ್ಕೆ ಬೈಕಾರ್ಬನೇಟ್ ಕೊಡಬೇಕಾಗಬಹುದು.

"ಹಾಗಾದರೆ ಹಾಲೇ ತಪ್ಪಲ್ವಾ?" ಅಂತ ನೀವು ಕೇಳುತ್ತೀರಿ. ಅಲ್ಲ. ಪಿಎಚ್ ಒಂದನ್ನೇ ನೋಡಿ ಕರು ಬದುಕುತ್ತದೋ ಇಲ್ಲವೋ ಹೇಳಲಾಗದು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯಕ್ಕೆ ಕುತ್ತು. ಸಕ್ಕರೆ ತೀರಾ ಇಳಿದರೆ ಉಳಿಯುವ ಆಸೆ ಕಡಿಮೆ. ಹಾಲು ನಿಲ್ಲಿಸಿದರೆ ಇಳಿಯುವುದು ಇದೇ ಸಕ್ಕರೆ! ಸಗಣಿ ಸ್ವಲ್ಪ ಗಟ್ಟಿಯಾಯಿತು ಅಂತ ನೀವು ಖುಷಿಪಡುತ್ತೀರಿ, ಕರು ಮಾತ್ರ ಸೊರಗುತ್ತದೆ. ಕೆಟ್ಟ ಕರುಳು ಗುಣವಾಗಲಿಕ್ಕೂ ಹಾಲಿನ ಪೋಷಣೆಯೇ ಬೇಕು. ಗಂಜಿ ತಿಳಿಯಲ್ಲಿ ಬೈಕಾರ್ಬನೇಟ್ ಇಲ್ಲ, ಸೋಡಿಯಂ ಸಾಲದು. ಅದರ ಪಿಷ್ಟ ಎಳೆ ಕರುವಿಗೆ ಸರಿಯಾಗಿ ಜೀರ್ಣವಾಗುವುದೂ ಇಲ್ಲ.

ಚೀಪುವ ಕರುವಿಗೆ ಹಾಲನ್ನು ಸ್ವಲ್ಪ ಸ್ವಲ್ಪವೇ, ಹಲವು ಸಲ ಕೊಡಿ. ಇಡೀ ದಿನಕ್ಕೆ ಮೈತೂಕದ ಹತ್ತನೇ ಒಂದು ಪಾಲು, ಅಂದರೆ 30 ಕಿಲೋ ಕರುವಿಗೆ ಸುಮಾರು 3 ಲೀಟರ್. ಬೈಕಾರ್ಬನೇಟ್ ಇರುವ ಒಆರ್‌ಎಸ್ (ಭೇದಿಗೆ ಕುಡಿಸುವ ಲವಣದ ನೀರು) ಅನ್ನು ಹಾಲಿಗೆ ಬೆರೆಸಬೇಡಿ. ಹೊಟ್ಟೆಯಲ್ಲಿ ಹಾಲು ಹೆಪ್ಪುಗಟ್ಟುವುದಕ್ಕೆ ಅದು ಅಡ್ಡಿ. ಎರಡರ ನಡುವೆ ಒಂದೆರಡು ಗಂಟೆ ಬಿಡಿ. ಚೀಪದ ಕರುವಿಗೆ ಬಲವಂತವಾಗಿ ಹಾಲು ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋದೀತು.

ಯಾರೂ ಕೇಳದಿದ್ದರೂ ಇನ್ನೊಂದು ಮಾತು. ದನ ಕರು ಹಾಕಿದ ಕೂಡಲೇ ಗಿಣ್ಣು ಹಾಲಿಗೆ ನೆಂಟರು, ನೆರೆಯವರು ಕಾದಿರುತ್ತಾರೆ. ಮೊದಲ ಹಾಲು ಕರುವಿನದ್ದು. ಅದರಲ್ಲಿರುವ ರೋಗನಿರೋಧಕಗಳನ್ನು ಕರುಳು ಹೀರುವುದು ಮೊದಲ ಕೆಲವು ಗಂಟೆಗಳಲ್ಲಿ ಜಾಸ್ತಿ. 24 ಗಂಟೆಯ ಹೊತ್ತಿಗೆ ಆ ಬಾಗಿಲು ಮುಚ್ಚಿಯೇ ಬಿಡುತ್ತದೆ. ಹುಟ್ಟಿದ ಎರಡು ಗಂಟೆಯೊಳಗೆ ಹೊಟ್ಟೆ ತುಂಬಾ ಕುಡಿಸಿ. ಕರುವಿಗೆ ಸಾಕಾಗಿ ಮಿಕ್ಕಿದ್ದರಲ್ಲಿ ಗಿಣ್ಣು ಮಾಡಿ ಹಂಚಿ.