ಮೊಸಳೆಗೆ ಹಲ್ಲಿಗಿಂತ ಕೊಕ್ಕರೆ ಹತ್ತಿರದ ನೆಂಟ ಹೇಗೆ?

ಪ್ರಶ್ನೆ: ಎರಡು ಜೀವಿಗಳ ಡಿಎನ್‌ಎ ಶೇಕಡಾ ಎಷ್ಟು ಹೋಲುತ್ತದೆ ಎಂದು ಎಣಿಸಿದರೆ ಅವುಗಳ ನೆಂಟಸ್ತನ ತಿಳಿಯುವುದಿಲ್ಲವೇ? ಅದಕ್ಕೆ ಸಂಖ್ಯಾಶಾಸ್ತ್ರ ಏಕೆ ಬೇಕು?

ಈ ಪ್ರಶ್ನೆ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಲೇ ಇದೆ. ಆದ್ದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಬರೀ ಎಣಿಕೆಯನ್ನು ನಂಬುವಂತಿಲ್ಲ.

ರಂಗನತಿಟ್ಟಿನ ಬಂಡೆಯ ಮೇಲೆ ಬಾಯಿ ತೆರೆದು ಮಲಗಿರುವ ಮೊಸಳೆ ದೈತ್ಯ ಹಲ್ಲಿಯಂತೆ ಕಂಡರೂ, ವಂಶದ ಲೆಕ್ಕದಲ್ಲಿ ಅದಕ್ಕೆ ಹಲ್ಲಿಗಿಂತ ಹತ್ತಿರದವು ಅಲ್ಲೇ ಮರದಲ್ಲಿ ಗೂಡು ಕಟ್ಟಿರುವ ಕೊಕ್ಕರೆಗಳು. ನಾಲ್ಕು ಕಾಲಿನ ನಡಿಗೆ ಮತ್ತು ಉದ್ದ ಬಾಲ ಮೂವರಿಗೂ ಸಮಾನನಾದ ಪೂರ್ವಜನಿಂದ ಬಂದ ಆಸ್ತಿ. ಹಲ್ಲಿ, ಮೊಸಳೆಗಳು ಅದನ್ನು ಉಳಿಸಿಕೊಂಡವು, ಹಕ್ಕಿಗಳು ಬದಲಿಸಿಕೊಂಡವು. ತಾತನ ಮೂಗು ಹತ್ತು ಮೊಮ್ಮಕ್ಕಳಲ್ಲಿ ಕಂಡಮಾತ್ರಕ್ಕೆ ಅವರಲ್ಲಿ ಒಡಹುಟ್ಟಿದವರು ಯಾರೆಂದು ತಿಳಿಯುತ್ತದೆಯೇ?

ಡಿಎನ್‌ಎಗೆ ಈ ತೊಡಕಿಲ್ಲ ಎನ್ನುವವರಿದ್ದಾರೆ. ಇದೆ, ಇನ್ನೂ ಹೆಚ್ಚಾಗಿಯೇ ಇದೆ. ಮೊಸಳೆ ವಂಶದ ಅಲಿಗೇಟರ್, ಉಪ್ಪುನೀರಿನ ಮೊಸಳೆ ಮತ್ತು ಘರಿಯಲ್‌ಗಳ ಜೀನೋಮ್‌ಗಳನ್ನು, ಅಂದರೆ ಇಡೀ ಡಿಎನ್‌ಎಯನ್ನು, 2014ರಲ್ಲಿ ಹೋಲಿಸಿದಾಗ ಆ ವಂಶದಲ್ಲಿ ಬದಲಾವಣೆ ಬಹಳ ನಿಧಾನ, ಹಕ್ಕಿಗಳಲ್ಲಿ ವೇಗ ಹೆಚ್ಚು ಎಂಬುದು ಕಂಡಿತು. ವೇಗ ಹೀಗೆ ಬೇರೆಯಾದರೆ ಬರೀ ಹೋಲಿಕೆಯ ಎಣಿಕೆ ನೆಂಟಸ್ತನವನ್ನು ತಪ್ಪಾಗಿ ತೋರಿಸಬಹುದು. ಇನ್ನು ಡಿಎನ್‌ಎಯ ಸರಣಿಯಲ್ಲಿ ಅಕ್ಷರಗಳಿರುವುದೇ ನಾಲ್ಕು: A, C, G, T. ಯಾವ ಸಂಬಂಧವೂ ಇಲ್ಲದ ಎರಡು ಸರಣಿಗಳು ಕೂಡ ಸುಮಾರು ಕಾಲು ಭಾಗದ ಜಾಗಗಳಲ್ಲಿ ಆಕಸ್ಮಿಕವಾಗಿ ತಾಳೆಯಾಗುತ್ತವೆ. ಹೀಗಾಗಿ ದೂರದ ಎರಡು ಕವಲುಗಳು ವೇಗವಾಗಿ ಬದಲಾಗಿದ್ದರೆ, ಅತಿ ಕಡಿಮೆ ಬದಲಾವಣೆಗಳ ವಂಶವೃಕ್ಷವೇ ಸರಿ ಎನ್ನುವ ವಿಧಾನವು ಅವೆರಡನ್ನೂ ಅಣ್ಣತಮ್ಮಂದಿರೆಂದು ಜೋಡಿಸಿಬಿಡಬಹುದು. ಅಂಥ ಸಂದರ್ಭದಲ್ಲಿ ಮಾಹಿತಿ ಹೆಚ್ಚಿದಷ್ಟೂ ತಪ್ಪು ಉತ್ತರವೇ ಗಟ್ಟಿಯಾಗುತ್ತದೆ ಎಂದು ಅಮೆರಿಕದ ಜೀವವಿಜ್ಞಾನಿ ಜೋಸೆಫ್ ಫೆಲ್ಸನ್‌ಸ್ಟೈನ್ 1978ರಲ್ಲಿ ಗಣಿತದಿಂದಲೇ ತೋರಿಸಿದರು. ಇನ್ನಷ್ಟು ಜೀನ್ ಓದಿದರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರು ಈ ವಾಕ್ಯವನ್ನು ದಯವಿಟ್ಟು ಎರಡು ಸಲ ಓದಬೇಕು.

ಸಂಖ್ಯಾಶಾಸ್ತ್ರ ಬೇಕಾಗುವುದು ಇಲ್ಲಿಯೇ. ಅಕ್ಷರಗಳು ಹೇಗೆ, ಯಾವ ವೇಗದಲ್ಲಿ ಬದಲಾಗುತ್ತವೆ ಎಂಬುದಕ್ಕೆ ಒಂದು ಮಾದರಿಯನ್ನು ಇಟ್ಟುಕೊಂಡು, ಇಂಥ ವೃಕ್ಷವೇ ನಿಜವಾಗಿದ್ದರೆ ಈಗ ಕಾಣುವ ಸರಣಿಗಳು ಹುಟ್ಟುವ ಸಂಭವ ಎಷ್ಟು ಎಂದು ಕೇಳಿ, ಆ ಸಂಭವ ಅತ್ಯಧಿಕವಾಗುವ ವೃಕ್ಷವನ್ನು ಹುಡುಕುತ್ತಾರೆ. ಡಿಎನ್‌ಎಗೆ ಇದನ್ನು ಲೆಕ್ಕಹಾಕುವ ಕಾರ್ಯಸಾಧ್ಯ ದಾರಿಯನ್ನು 1981ರಲ್ಲಿ ಕೊಟ್ಟವರೂ ಫೆಲ್ಸನ್‌ಸ್ಟೈನ್ ಅವರೇ. ಬರೀ ಹತ್ತು ಪ್ರಭೇದಗಳಿಗೆ 3,44,59,425 ಬೇರುಳ್ಳ (ಮೊದಲ ಪೂರ್ವಜ ಎಲ್ಲಿ ಎಂದು ಗುರುತಿಸಿದ) ವೃಕ್ಷಗಳು ಸಾಧ್ಯವಿರುವುದರಿಂದ ಹುಡುಕಾಟ ಸುಲಭದ್ದಲ್ಲ. ಮಾದರಿಯೇ ತಪ್ಪಾಗಿದ್ದರೆ ಈ ವಿಧಾನವೂ ಎಡವುತ್ತದೆ. ಆದರೆ ಊಹೆಗಳು ಬಚ್ಚಿಟ್ಟುಕೊಳ್ಳದೆ ಮೇಜಿನ ಮೇಲಿರುವುದರಿಂದ ಅವನ್ನು ಪರೀಕ್ಷಿಸಬಹುದು.

ಇಷ್ಟಾದ ಮೇಲೆ ಕೇಳಬೇಕಾದ, ಆದರೆ ಯಾರೂ ಕೇಳದ ಪ್ರಶ್ನೆಯೊಂದಿದೆ: ಮೊಸಳೆ ಮತ್ತು ಹಕ್ಕಿಗಳ ದಾರಿ ಸುಮಾರು 25 ಕೋಟಿ ವರ್ಷಗಳ ಹಿಂದೆ ಕವಲೊಡೆಯಿತು ಎನ್ನುತ್ತಾರಲ್ಲ, ಡಿಎನ್‌ಎಯಲ್ಲಿ ತಾರೀಖು ಎಲ್ಲಿದೆ? ಎಲ್ಲಿಯೂ ಇಲ್ಲ. ಸರಣಿಗಳು ಹೇಳುವುದು ಬದಲಾವಣೆಗಳ ಮೊತ್ತವನ್ನು ಮಾತ್ರ. ವರ್ಷಗಳು ಬರುವುದು ವಯಸ್ಸು ಗೊತ್ತಿರುವ ಪಳೆಯುಳಿಕೆಗಳಿಂದ. ಕವಲಿನಿಂದ ಕವಲಿಗೆ ವೇಗ ಬೇರೆಯಾಗಲು ಅವಕಾಶ ಕೊಟ್ಟು ಲೆಕ್ಕ ಮಾಡುವುದರಿಂದ ಉತ್ತರ ಒಂದೇ ಅಂಕಿಯಾಗಿ ಬರದೆ, ಇಷ್ಟರಿಂದ ಇಷ್ಟರೊಳಗೆ ಎಂಬ ವ್ಯಾಪ್ತಿಯಾಗಿ ಬರುತ್ತದೆ. ಮೇಲಿನ ವಾಕ್ಯದಲ್ಲಿ ನಾನು ‘ಸುಮಾರು’ ಎಂದದ್ದು ಆ ಕಾರಣಕ್ಕೆ.